ಬಿಡಲೊಲ್ಲದ ಕ್ಲಚ್ಚು

ಕಾರು ತಾನಾಗಿ ನಡೆದು ಕಲಬುರಗಿ ಮುಟ್ಟಬೇಕೆಂಬ ಷರತ್ತನ್ನು ಮುಂದಿಟ್ಟವಳು ನಾನೇ. ಅದನ್ನು ನನ್ನಿಂದ ಯಾರೂ ಕೇಳಿರಲಿಲ್ಲ. ಕಾಲೇಜಿನ ದಿನಗಳಲ್ಲಿ ಚರ್ಚಾಸ್ಪರ್ಧೆಗಳ ವೇದಿಕೆಯ ಮೇಲೆ ಬೆಳೆದವರಿಗೆ ಒಂದು ಅಭ್ಯಾಸ ಉಳಿದುಬಿಡುತ್ತದೆ. ಎದುರಾಳಿ ಅರ್ಧ ಮನಸ್ಸಿನಿಂದ ಒಪ್ಪಿಕೊಳ್ಳುವ ಹೊತ್ತಿಗೆ ಅವನಿಗೆ ಇನ್ನಷ್ಟು ಕಷ್ಟದ ಕರಾರನ್ನು ನಾವೇ ಒದಗಿಸಿ, ಅದರಲ್ಲಿಯೂ ಗೆದ್ದು ತೋರಿಸುವ ಹುಮ್ಮಸ್ಸು. ಆ ಶನಿವಾರ ಬೆಳಿಗ್ಗೆ ಕಮಲಾಪುರದ ಒಂದು ಮನೆಯಂಗಳದಲ್ಲಿ, ಕೆಂಪು ಬಾಳೆಗೊನೆಗಳ ರಾಶಿಯ ನಡುವೆ ನಿಂತು, ನಾನು ಅದನ್ನೇ ಮಾಡಿದೆ.

ಕಲಬುರಗಿಯಲ್ಲಿ ಹೆಣ್ಣುಮಕ್ಕಳಿಗೆ ಕಾರು ನಡೆಸುವುದನ್ನು ನಾನು ಹಲವು ವರ್ಷಗಳಿಂದ ಕಲಿಸುತ್ತಿದ್ದೇನೆ. ಭಾನುವಾರಗಳಂದು ಊರ ಹೊರಗಿನ ಬಯಲಿನಲ್ಲಿ ನಮ್ಮ ಪಾಠ ನಡೆಯುತ್ತದೆ. ಕಲಿತವರಲ್ಲಿ ಹೆಚ್ಚಿನವರಿಗೆ ಲೈಸೆನ್ಸು ಸಿಗುತ್ತದೆ, ಕಾರು ಸಿಗುವುದಿಲ್ಲ. ಮನೆಯ ಕಾರಿನ ಕೀಲಿ ಬಾಗಿಲ ಪಕ್ಕದ ಮೊಳೆಗೆ ತೂಗಾಡುತ್ತಿರುತ್ತದೆ. ಆ ಮೊಳೆಯನ್ನು ಗೋಡೆಗೆ ಹೊಡೆದ ಎತ್ತರವೇ ಅದು ಯಾರ ಕೈಗೆಂದು ಹೇಳುತ್ತದೆ. ಈ ಮಾತನ್ನು ನಾನು ಅನೇಕ ಸಭೆಗಳಲ್ಲಿ ಹೇಳಿ ಚಪ್ಪಾಳೆ ಪಡೆದಿದ್ದೇನೆ. ಚಪ್ಪಾಳೆಯಿಂದ ಕೀಲಿ ಕೆಳಗೆ ಬಂದ ಉದಾಹರಣೆ ಮಾತ್ರ ಕಡಿಮೆ.

ಆದ್ದರಿಂದಲೇ ಕಮಲಾಪುರದ ಶಿಕ್ಷಕಿಯ ವಿಷಯ ನನಗೆ ದೊಡ್ಡದಾಗಿ ಕಂಡಿತ್ತು. ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳುವ, ಐವತ್ತರ ಸಮೀಪದ ಹೆಂಗಸು. ಭಾನುವಾರದ ಬಸ್ಸು ಹಿಡಿದು ಬಂದು, ನನ್ನ ತರಗತಿಯಲ್ಲಿ ಅತಿ ಕಡಿಮೆ ಮಾತಾಡಿ, ಅತಿ ಬೇಗ ಕಲಿತವರು. ಅವರ ತಂದೆ ಬಿಟ್ಟುಹೋದ ಕಾರೊಂದು ಮನೆಯ ಹಿಂದಿನ ಶೆಡ್ಡಿನಲ್ಲಿ ಆರು ವರ್ಷಗಳಿಂದ ನಿಂತಿತ್ತು. ದುಂಡನೆಯ ಮೂತಿ, ಸ್ಟೀರಿಂಗಿನ ಪಕ್ಕದಲ್ಲೇ ಗೇರಿನ ಹಿಡಿ, ಸೋಫಾದಂತಹ ಮುಂದಿನ ಆಸನ, ಈಗ ಎಲ್ಲಿಯೂ ತಯಾರಾಗದ ಮಾದರಿ. ಬಾಳೆಹಣ್ಣಿನ ವ್ಯಾಪಾರ ಮಾಡುವ ಅವರ ಅಣ್ಣನಿಗೆ ಹಣ್ಣಿನ ಕ್ರೇಟುಗಳನ್ನಿಡಲು ಆ ಶೆಡ್ಡು ಬೇಕಾಗಿತ್ತು. ನಂದೂರಿನ ಗುಜರಿಯವನೊಬ್ಬ ಸೋಮವಾರ ಬಂದು ಕಾರನ್ನು ಒಯ್ಯುವುದೆಂದು ಮಾತಾಗಿತ್ತು. ಶಿಕ್ಷಕಿಗೆ ಆ ಕಾರು ಬೇಕಿತ್ತು, ನೋಡಲಿಕ್ಕಲ್ಲ, ನಡೆಸಲಿಕ್ಕೆ. ದಿನಾಲೂ ಹಳ್ಳಿಯ ಶಾಲೆಗೆ ಟಂಟಂ ಆಟೋದಲ್ಲಿ ಒತ್ತಿಕೊಂಡು ಹೋಗುವುದು ಸಾಕಾಗಿತ್ತು.

ಹೊಸ ಬ್ಯಾಟರಿ ಜೋಡಿಸಿದ ಕೂಡಲೇ ಎಂಜಿನ್ ಎರಡನೆಯ ಯತ್ನಕ್ಕೇ ಹೊತ್ತಿಕೊಂಡಿತು. ನನಗೆ ಅಚ್ಚರಿಯಾಯಿತು, ಅಣ್ಣನಿಗೆ ಆಗಲಿಲ್ಲ.

"ಹೊತ್ತತದರೀ, ಯಾಕ ಹೊತ್ತಂಗಿಲ್ಲ? ವರ್ಷಕ್ಕೊಮ್ಮೆ ನಾ ಚಾಲೂ ಮಾಡೇ ಮಾಡ್ತೀನಿ," ಎಂದರು ಅವರು, ಒಂದು ಗೊನೆಯನ್ನು ತೂಕಕ್ಕಿಡುತ್ತ. "ಖರೇ ಹೇಳ್ರಿ ಮೇಡಂ, ಇಂಥಾ ಮುದಿ ಗಾಡಿ ಇಟಗೊಂಡು ನಮ್ಮ ತಂಗಿ ಏನ್ ಮಾಡತಾಳ? ಹಾದ್ಯಾಗ ನಿಂತ್ರ ನೂಕಲಾಕ ನೀವ್ ಬರ್ತೀರೇನು?"

ನಾನು ಉತ್ತರಿಸಿದೆ. ಆಸ್ತಿ, ಹಕ್ಕು, ಬಳಸುವವರ ಕೈಗೆ ವಸ್ತು ಸೇರಬೇಕಾದ ನ್ಯಾಯ, ಎಲ್ಲವನ್ನೂ ಕ್ರಮವಾಗಿ ಇಟ್ಟೆ. ಬಾಳೆ ಕೊಳ್ಳಲು ಬಂದವರಿಬ್ಬರು ಚೀಲ ಕೆಳಗಿಟ್ಟು ಕೇಳಿದರು. ಅಣ್ಣ ನಗುತ್ತ, "ಆತು, ನಡೀತಂದ್ರ ಆಕೀ ಇಟಗೋಳಿ," ಎಂದರು. ಅಲ್ಲಿಗೆ ನಿಲ್ಲಬೇಕಿತ್ತು. ನಾನು ನಿಲ್ಲದೆ, "ನಾಳೆ ಸಂಜೆಯೊಳಗೆ ಈ ಕಾರು ತಾನೇ ನಡೆದು ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯನ್ನು ಮುಟ್ಟುತ್ತದೆ. ಮುಟ್ಟದಿದ್ದರೆ ಸೋಮವಾರ ನೀವು ಕೊಟ್ಟುಬಿಡಿ," ಎಂದುಬಿಟ್ಟೆ.

"ಎಲ್ಲಾರೂ ಕೇಳಿದ್ರಿಲ್ಲೋ?" ಎಂದರು ಅಣ್ಣ, ಬಾಳೆ ಕೊಳ್ಳುವವರ ಕಡೆ ತಿರುಗಿ.

ಶಿಕ್ಷಕಿ ನನ್ನನ್ನು ನೋಡಿದ ರೀತಿ ಈಗಲೂ ನೆನಪಿದೆ. ಅವರು ಚಾಲಕರ ಆಸನದಲ್ಲಿ ಕುಳಿತರು, ಎಡಗಾಲಿನಿಂದ ಕ್ಲಚ್ಚನ್ನು ಪೂರ್ತಿ ಒತ್ತಿದರು, ಗೇರು ಹಾಕಲು ಹೋದರು. ಕಬ್ಬಿಣದ ಬಾಂಡಲಿಯಲ್ಲಿ ಕಲ್ಲು ಉಜ್ಜಿದಂತಹ ಸದ್ದು ಬಂತು. ಮತ್ತೊಮ್ಮೆ ಯತ್ನಿಸಿದರು, ಅದೇ ಸದ್ದು. ಎಂಜಿನ್ ಆರಿಸಿ ಗೇರು ಹಾಕಿದರೆ ಸಲೀಸಾಗಿ ಬಿತ್ತು. ಆದರೆ ಕ್ಲಚ್ಚನ್ನು ಒತ್ತಿಕೊಂಡೇ ಮತ್ತೆ ಕೀಲಿ ತಿರುಗಿಸಿದರೆ, ಕಾರು ಕಟ್ಟಿದ ಹೋರಿಯಂತೆ ಒಮ್ಮೆ ಮುಂದಕ್ಕೆ ಜಗ್ಗಿ ನಿಂತಿತು.

ಎಂಜಿನ್ನಿನ ತಿರುಗಾಟ ಚಕ್ರಗಳಿಗೆ ಮುಟ್ಟದಂತೆ ಕ್ಷಣಕಾಲ ಬೇರ್ಪಡಿಸುವುದು ಕ್ಲಚ್ಚಿನ ಕೆಲಸ. ಪೆಡಲ್ ಒತ್ತಿದಾಗ ಎರಡೂ ಒಂದನ್ನೊಂದು ಬಿಡಬೇಕು. ಇಲ್ಲಿ ಪೆಡಲ್ ಒತ್ತಿದರೂ ಬಿಡುತ್ತಿರಲಿಲ್ಲ. ಎಂಜಿನ್ನಿಗೂ ಚಕ್ರಕ್ಕೂ ಬಿದ್ದ ಗಂಟು ಹಾಗೆಯೇ ಇತ್ತು.

ನನಗೆ ಗೊತ್ತಿದ್ದ ಏಕೈಕ ಹಳೆಯ ಮೆಕ್ಯಾನಿಕ್‌ಗೆ ಫೋನು ಮಾಡಿದೆ. ಸೂಪರ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ನಲವತ್ತು ವರ್ಷ ಗ್ಯಾರೇಜು ನಡೆಸಿ, ಈಗ ಅದನ್ನು ಮಕ್ಕಳಿಗೆ ಬಿಟ್ಟುಕೊಟ್ಟವರು. ಊರೆಲ್ಲ ಅವರನ್ನು ಉಸ್ತಾದ್ ಎಂದೇ ಕರೆಯುತ್ತದೆ. ಮಧ್ಯಾಹ್ನದ ಬಸ್ಸಿಗೆ ಒಂದು ಚಿಕ್ಕ ಕ್ಯಾನ್ವಾಸ್ ಚೀಲದೊಂದಿಗೆ ಬಂದಿಳಿದರು. ಕಾರಿನ ಸುತ್ತ ಒಂದು ಸುತ್ತು ಹಾಕಿ, ಬಾನೆಟ್ಟಿನ ಮೇಲೆ ಕೈಯಿಟ್ಟು, "ಸಲಾಂ, ಬಡೇಮಿಯಾ," ಎಂದು ಅದನ್ನೇ ಮಾತಾಡಿಸಿದರು. ನಮ್ಮ ಕಡೆ ಆಮೇಲೆ ತಿರುಗಿದರು.

ಅವರು ಬರುವುದರೊಳಗೆ ನಾನು ಫೋನಿನಲ್ಲಿ ಸಾಕಷ್ಟು ಓದಿಕೊಂಡಿದ್ದೆ. ಕಾರಣ ಮೂರರಲ್ಲಿ ಒಂದಾಗಿರಬೇಕು ಎಂದು ಅವರಿಗೆ ನಿರೂಪಿಸಿದೆ. ಪೆಡಲಿನ ಒತ್ತಡವನ್ನು ಎಣ್ಣೆಯ ಮೂಲಕ ಕೆಳಗೆ ಸಾಗಿಸುವ ಸಿಲಿಂಡರುಗಳು ಸೋರುತ್ತಿರಬಹುದು. ಅಲ್ಲಿಂದ ಮುಂದೆ ಒತ್ತುವ ಕವಲು ಬಾಗಿರಬಹುದು. ಇಲ್ಲವೇ ಒಳಗಿನ ತಟ್ಟೆಯೇ ಕಚ್ಚಿಕೊಂಡಿರಬಹುದು. ಎಣ್ಣೆಯ ಡಬ್ಬಿಯಲ್ಲಿ ಮಟ್ಟ ಇಳಿದಿದೆ. ಪೆಡಲ್ ಮೊದಲ ಒತ್ತಿಗೆ ಮೆತ್ತಗಾಗಿದೆ. ಆರು ವರ್ಷದಲ್ಲಿ ರಬ್ಬರಿನ ವಾಷರುಗಳು ಒಣಗಿ ಬಿರುಕು ಬಿಡುವುದು ಸಹಜ. ಆದ್ದರಿಂದ ಮೊದಲನೆಯ ಕಾರಣವೇ ಸತ್ಯ. ಗಾಡಿಯ ಕೆಳಗೆ ಹೋಗಿ ಹೊತ್ತು ಕಳೆಯುವುದಕ್ಕಿಂತ ನೇರವಾಗಿ ವಾಷರುಗಳನ್ನು ತಂದು ಬದಲಾಯಿಸೋಣ.

ಉಸ್ತಾದರು ಪೂರ್ತಿ ಕೇಳಿದರು. "ಝರಾ ಕೆಳಗ ಹೊಕ್ಕು ನೋಡ್ತೀನ್ರಿ ಬಾಯಿ. ನೀವು ಮ್ಯಾಲ ಒತ್ತ್ರಿ. ಕೆಳಗ ಕವಲು ನೂಕೋ ಆ ಕಡ್ಡಿ ಎಷ್ಟು ಸರೀತದ, ಅಷ್ಟೇ ನೋಡೋದು. ಪಾಂಚ್ ಮಿನಿಟ್‌ನ ಕೆಲಸ."

"ಮಟ್ಟ ಇಳಿದಿರುವುದು ಕಣ್ಣಿಗೇ ಕಾಣುತ್ತಿದೆಯಲ್ಲ ಉಸ್ತಾದರೇ? ಎಣ್ಣೆ ಇಲ್ಲದೆ ಕಡ್ಡಿ ಹೇಗೆ ಸರಿಯುತ್ತದೆ? ಅಂಗಡಿಗಳು ಮುಚ್ಚುವುದರೊಳಗೆ ನಾನು ಕಲಬುರಗಿಗೆ ಹೋಗಿ ಬರಬೇಕು. ಈಗ ನಿರ್ಧರಿಸದಿದ್ದರೆ ನಾಳೆ ಭಾನುವಾರ, ಸಾಮಾನು ಸಿಗುವುದಿಲ್ಲ."

ಅವರು ಗಡ್ಡ ಕೆರೆದುಕೊಂಡು ನಕ್ಕರು. "ನಿಮ್ಮ ಮಾತಿಗಿ ನನ್ನ ಹತ್ರ ಜವಾಬ್ ಇಲ್ರೀ. ಗಾಡಿ ಹತ್ರ ಇದ್ರೂ ಇರಬಹುದು. ಹೋಗಿ ಬರ್ರಿ."

ಆ ಮಾತನ್ನು ನಾನು ಒಪ್ಪಿಗೆಯೆಂದೇ ಎಣಿಸಿದೆ. ಬಸ್ಸಿನಲ್ಲಿ ಹೋಗಿ, ಮೂರು ಅಂಗಡಿ ತಿರುಗಿ, ನಾಲ್ಕನೆಯದರಲ್ಲಿ ಧೂಳು ಹಿಡಿದ ಪೆಟ್ಟಿಗೆಯೊಳಗಿಂದ ಅಳತೆಗೆ ಸರಿಹೋಗುವ ವಾಷರುಗಳನ್ನು ಹುಡುಕಿಸಿಕೊಂಡು ಸಂಜೆ ಕಮಲಾಪುರಕ್ಕೆ ಮರಳಿದೆ. ಶನಿವಾರ ಹಾಗೆ ಮುಗಿಯಿತು. ಉಸ್ತಾದರು ಊರಿನಲ್ಲಿದ್ದ ತಮ್ಮ ಬೀಗರ ಮನೆಯಲ್ಲಿ ಉಳಿದರು. ನಾನು ಶಿಕ್ಷಕಿಯ ಮನೆಯಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯೆ ಉಂಡು, ಗೆದ್ದ ಪಂದ್ಯದ ಹಿಂದಿನ ರಾತ್ರಿಯ ನಿದ್ದೆ ಮಾಡಿದೆ.

ಭಾನುವಾರ ಬೆಳಿಗ್ಗೆ ವಾಷರು ಬದಲಾಯಿಸಿ, ಹೊಸ ಎಣ್ಣೆ ತುಂಬಿ, ನಳಿಕೆಯಲ್ಲಿನ ಗಾಳಿಯನ್ನೆಲ್ಲ ಹೊರಗೆ ತೆಗೆದದ್ದಾಯಿತು. ಪೆಡಲ್ ಗಟ್ಟಿಯಾಯಿತು. ನಾನು ಅಣ್ಣನನ್ನು ಕರೆಸಿದೆ. ಶಿಕ್ಷಕಿ ಎಂಜಿನ್ ಹೊತ್ತಿಸಿ, ಕ್ಲಚ್ಚು ಒತ್ತಿ, ಗೇರು ಹಾಕಿದರು. ನಿನ್ನೆಯದೇ ಸದ್ದು. ಒಂದಿಷ್ಟೂ ಕಡಿಮೆಯಾಗಿರಲಿಲ್ಲ.

"ಮೇಡಂ ಭಾಷಣ ಗಾಡಿಗಿ ಸರಿಯಾಗಿ ಕೇಳಿಸಿಲ್ಲ ಕಾಣ್ತದ," ಎಂದು ಅಣ್ಣ ಒಳಗೆ ನಡೆದರು.

ಆಗ ಉಸ್ತಾದರು ಯಾರನ್ನೂ ಕೇಳದೆ ಗೋಣಿಚೀಲ ಹಾಸಿಕೊಂಡು ಕಾರಿನ ಕೆಳಗೆ ಸರಿದರು. ಕಡ್ಡಿಯ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದರು. "ಒತ್ತ್ರಿ," ಎಂದರು. ಶಿಕ್ಷಕಿ ಒತ್ತಿದರು. "ಬಿಡ್ರಿ. ಮತ್ತ ಒತ್ತ್ರಿ." ನನ್ನನ್ನೂ ಕೆಳಗೆ ಕರೆದು ತೋರಿಸಿದರು. ಗೆರೆ ಒಂದು ಹೆಬ್ಬೆರಳಿನಗಲ ಸರಿಯುತ್ತಿತ್ತು, ಕವಲು ಪೂರ್ತಿ ತಳ್ಳಿಸಿಕೊಳ್ಳುತ್ತಿತ್ತು.

"ಹೊರಗಿಂದೆಲ್ಲಾ ಬರೋಬ್ಬರಿ ಅದ. ನಿನ್ನೇನೂ ಇಷ್ಟಲ್ಲಂದ್ರೂ ಮುಕ್ಕಾಲು ಸರದಿರಬೇಕು. ಕೈ ಒತ್ತಲಾಕತ್ತದ, ಒಳಗ ಬಾಗಲಾ ತೆರಿಯವಲ್ದು. ತಟ್ಟಿ ಹತ್ತಿಕೊಂಡದ."

ನಿನ್ನೆ ಐದು ನಿಮಿಷ ಕೆಳಗೆ ನೋಡಿದ್ದರೆ ಒಂದು ಇಡೀ ದಿನ ಉಳಿಯುತ್ತಿತ್ತು. ಎದುರಾಳಿಗೆ ಉತ್ತರ ಹೊಳೆಯದಿದ್ದರೆ ನನ್ನ ನಿಲುವು ಸಾಬೀತಾಯಿತೆಂಬುದು ಸಭಾಂಗಣದ ನಿಯಮ. ಸಾಕ್ಷಿ ಮೂರಡಿ ಕೆಳಗೆ ಬಿದ್ದಿರುವಾಗ ಆ ನಿಯಮಕ್ಕೆ ಬೆಲೆಯಿಲ್ಲ. ನನ್ನ ತಪ್ಪಿನ ದಂಡವನ್ನು ಇನ್ನೊಬ್ಬ ಹೆಂಗಸು ತನ್ನ ಕಾರಿನಿಂದ ತೆರುವವಳಿದ್ದಳು. ಅಂಗಳದಲ್ಲಿಯೇ ಶಿಕ್ಷಕಿಯ ಕ್ಷಮೆ ಕೇಳಿದೆ. ಅವರು, "ಸಂಜೀಗಿ ಇನ್ನೂ ಹೊತ್ತದರೀ," ಎಂದರು, ಅಷ್ಟೇ.

ಉಸ್ತಾದರು ಅಣ್ಣನನ್ನು ಕರೆಸಿದರು. "ಸಾವಕಾರ್ರೇ, ಗಾಡಿಗಿ ನೀರ್ ಯಾರು ಹಾಕತಾರ?"

"ನಾನೇರೀ. ಪ್ರತೀ ಖಂಡೇನವಮಿ ಆಯುಧ ಪೂಜಿಗಿ." ಅಣ್ಣನ ದನಿಯಲ್ಲಿ ಹೆಮ್ಮೆಯಿತ್ತು. "ಅಪ್ಪ ಹೋದ ಮ್ಯಾಲ ಒಂದು ವರ್ಷನೂ ತಪ್ಪಿಸಿಲ್ಲ. ಮೋಟಾರ್ ಪಂಪ್ ಹಚ್ಚಿ ಪೈಪಿಲೆ ಹೊಡೀತೀನಿ. ಮ್ಯಾಲ, ಕೆಳಗ, ಎಂಜಿನ್ ಕೆಳಗಿಂದೂ ಒಂದು ಕಣ ಮಣ್ಣ ಉಳೀಬಾರದು. ವಿಭೂತಿ, ಹೂವಿನ ಹಾರ, ಕಾಯಿ. ಎರಡು ಮಿನಿಟ್ ಚಾಲೂ ಮಾಡಿ, ಬಾಗಲಾ ಹಾಕಿಬಿಡ್ತೀನಿ."

"ಅಲ್ಲಿಂದ ಹೊರಗ ಒಯ್ಯಂಗಿಲ್ಲ?"

"ಇಲ್ಲ."

ಉಸ್ತಾದರು ಎರಡೂ ಅಂಗೈಗಳನ್ನು ಒಂದಕ್ಕೊಂದು ಒತ್ತಿ ತೋರಿಸಿದರು. ಒಂದು ಕೈ ಎಂಜಿನ್ನಿನ ಚಕ್ರ, ಇನ್ನೊಂದು ಕ್ಲಚ್ಚಿನ ತಟ್ಟೆ. ಪೈಪಿನ ನೀರು ಕೆಳಗಿನ ಸಂದಿಯಿಂದ ಒಳಹೊಕ್ಕಿದೆ. ಒದ್ದೆಯಾದ ಎರಡೂ ವರ್ಷವಿಡೀ ಒಂದನ್ನೊಂದು ಒತ್ತಿಕೊಂಡು ನಿಂತಿವೆ. ತುಕ್ಕಿನ ಜಂಗು ಹಿಡಿದು ಅಂಟಿಕೊಂಡಿವೆ. ಹೀಗೆ ಆರು ಸಲ.

ಅಣ್ಣನ ಮುಖ ಕಂದಿತು. "ಅಂದ್ರ, ನಮ್ಮಪ್ಪನ ಗಾಡಿ ನಾನೇ ಕೆಡಿಸಿದೆ ಅಂತೀರೇನು?"

"ತೌಬಾ, ಯಾರಂದ್ರು ಹಂಗ? ಪೂಜಿ ಮಾಡಿದ್ದಕ್ಕ ಮೈ ಹಿಂಗ ಉಳದದ. ತೊಳದ ಮ್ಯಾಲ ಒಂದು ಸುತ್ತು ನಡಸಿದ್ರ ಒಣಗತಿತ್ತು, ಅಷ್ಟೇ. ಯಾಕ ನಡಸಲಿಲ್ಲ?"

ಅಣ್ಣ ಗೊನೆಗಳ ಕಡೆ ನೋಡುತ್ತ ನಿಂತರು. ಶಿಕ್ಷಕಿಯೇ ಮೆಲ್ಲಗೆ ಹೇಳಿದರು: "ಅಣ್ಣಗ ನಡಸಲಾಕ ಬರಂಗಿಲ್ರೀ."

ಮೊಳೆಯ ಎತ್ತರದ ಬಗ್ಗೆ ನಾನು ಮಾಡಿದ ಭಾಷಣಗಳಲ್ಲಿ, ಕೀಲಿ ಕೈಗೆಟುಕಿಯೂ ಅದನ್ನು ಬಳಸಲಾಗದ ಗಂಡಸಿಗೆ ಜಾಗವೇ ಇರಲಿಲ್ಲ. ತಂದೆ ಮಗನಿಗೆ ಕಲಿಸಲು ಹೋಗಿ ಮೊದಲ ದಿನವೇ ಎಲ್ಲರೆದುರು ಬೈದಿದ್ದರಂತೆ. ಅಂದಿನಿಂದ ಆತ ಸ್ಟೀರಿಂಗು ಹಿಡಿದಿರಲಿಲ್ಲ. ಅದನ್ನು ಊರಿಗೆ ಗೊತ್ತಾಗದಂತೆ ಕಾಯ್ದುಕೊಂಡದ್ದು, ಪೆಟ್ರೋಲು ದಂಡವೆಂಬ ನೆಪದಿಂದ. ಇದನ್ನು ತಂಗಿ ಆಮೇಲೆ ನನಗೆ ಹೇಳಿದರು.

ಗೇರುಪೆಟ್ಟಿಗೆ ಇಳಿಸಿ ಬಿಚ್ಚುವುದಾದರೆ ಮೂರು ದಿನ ಬೇಕು. ಇನ್ನೊಂದು ದಾರಿಯಿತ್ತು. ಪೆಡಲನ್ನು ಒತ್ತಿ, ಅದಕ್ಕೂ ಆಸನದ ಚೌಕಟ್ಟಿಗೂ ನಡುವೆ ಒಂದು ಕಟ್ಟಿಗೆಯ ತುಂಡನ್ನು ಬಿಗಿಯಾಗಿ ಕೊಟ್ಟು, ಎಂಜಿನ್ನನ್ನು ಅರ್ಧ ತಾಸು ಬಿಸಿ ಮಾಡುವುದು. ಆಮೇಲೆ ಆರಿಸಿ, ಎರಡನೆಯ ಗೇರಿನಲ್ಲಿಟ್ಟು ಹಾಗೆಯೇ ಹೊತ್ತಿಸುವುದು. ಕಾರು ಹೊರಟುಬಿಡುತ್ತದೆ. ಕ್ಲಚ್ಚನ್ನು ಒತ್ತಿಯೇ ಹಿಡಿದು, ಎಕ್ಸಲರೇಟರನ್ನು ತುಳಿಯುವುದು, ಬಿಡುವುದು, ತುಳಿಯುವುದು, ಬಿಡುವುದು. ಆ ಜಗ್ಗಾಟಕ್ಕೆ ಜಂಗು ಬಿಡಬೇಕು. ಬಿಡುವವರೆಗೆ ಕಾರನ್ನು ನಿಲ್ಲಿಸಲು ಎಂಜಿನ್ ಆರಿಸುವುದೊಂದೇ ಉಪಾಯ.

ಶೆಡ್ಡಿನ ಹಿಂದೆ ತೊಗರಿ ಕೊಯ್ದ ಹೊಲ ಬಯಲಾಗಿ ಬಿದ್ದಿತ್ತು. ನಾವೆಲ್ಲ ನೂಕಿ ಕಾರನ್ನು ಅಲ್ಲಿಗೆ ಒಯ್ದೆವು. ಕಲಿಸುವವಳಾದ್ದರಿಂದ ನಾನೇ ನಡೆಸಬೇಕೆಂದು ಬಾಗಿಲು ತೆಗೆದೆ.

"ಗಾಡಿ ಯಾರದು?" ಎಂದರು ಉಸ್ತಾದರು.

ಶಿಕ್ಷಕಿ ಚಾಲಕರ ಆಸನದಲ್ಲಿ ಕುಳಿತರು, ಉಸ್ತಾದರು ಪಕ್ಕದಲ್ಲಿ.

"ನಾನು?"

"ಹಿಂದ ಕೂಡ್ರಿ. ಮಾತಾಡಬ್ಯಾಡ್ರಿ."

ಮೊದಲ ಸುತ್ತು ಭಯಂಕರವಾಗಿತ್ತು. ಕಾರು ತೊಗರಿಯ ಕೂಳೆಗಳ ಮೇಲೆ ಕುಣಿಯುತ್ತ ಓಡಿತು, ನನ್ನ ತಲೆ ಎರಡು ಬಾರಿ ಮೇಲಿನ ತಗಡಿಗೆ ಬಡಿಯಿತು. ಶಿಕ್ಷಕಿ ಎಕ್ಸಲರೇಟರನ್ನು ಬಿಡಲು ಹೆದರುತ್ತಿದ್ದರು. ಬದುವಿಗೆ ಹತ್ತು ಮೊಳ ದೂರವಿರುವಾಗ ಕೀಲಿ ತಿರುಗಿಸಿ ನಿಲ್ಲಿಸಿದರು.

"ಬೇಟಿ," ಎಂದರು ಉಸ್ತಾದರು, "ಸಾಲ್ಯಾಗ ಹುಡುಗೂರ್ಗೆ ಹ್ಯಾಂಗ ಗದರಿಸ್ತಿ? ಒಮ್ಮೆ ಜೋರ್ ಮಾಡಿ ಪಟ್ನ ಸುಮ್ಮನಾಗ್ತೀ ಇಲ್ಲೋ? ಹಂಗೇ ಕಾಲ್ ಒತ್ತು, ಪಟ್ನ ಬಿಡು."

ಎರಡನೆಯ ಸುತ್ತಿನಲ್ಲಿ ಲಯ ಸಿಕ್ಕಿತು. ಕಾರು ಮುಂದಕ್ಕೆ ಜಿಗಿದು, ಹಿಂದಕ್ಕೆ ಜಗ್ಗಿ, ಮತ್ತೆ ಜಿಗಿಯುತ್ತ ಸಾಗಿತು. ಬಿಡಲಿಲ್ಲ. ಮೂರನೆಯದರಲ್ಲಿಯೂ ಬಿಡಲಿಲ್ಲ. ಅಣ್ಣ ಬದುವಿನ ಮೇಲೆ ಬಂದು ನಿಂತಿದ್ದರು, ಬಾಳೆ ಕಡಿಯುವ ಆಳುಗಳೂ ಬಂದಿದ್ದರು. ನನಗೆ ಹೇಳಬೇಕೆನಿಸಿದ ಮಾತುಗಳು ಹತ್ತಾದರೂ ಇದ್ದವು. ಆಸನದ ಅಂಚನ್ನು ಹಿಡಿದು ಬಾಯಿ ಮುಚ್ಚಿಕೊಂಡೆ.

ನಾಲ್ಕನೆಯ ಸುತ್ತಿನ ಮಧ್ಯದಲ್ಲಿ, ಶಿಕ್ಷಕಿ ಯಾರೂ ಹೇಳದೆ ತಾವಾಗಿಯೇ, ಎಕ್ಸಲರೇಟರನ್ನು ಬಿಟ್ಟ ಕ್ಷಣಕ್ಕೆ ಸರಿಯಾಗಿ ಬ್ರೇಕನ್ನೂ ಒಮ್ಮೆ ಮುಟ್ಟಿದರು. ಕೆಳಗೆ 'ಠಪ್' ಎಂದು ಹಲಗೆ ಒಡೆದಂತಾಯಿತು. ಮರುಕ್ಷಣ ಎಂಜಿನ್ ತನ್ನಷ್ಟಕ್ಕೆ ಹಗುರಾಗಿ ಹಾಡತೊಡಗಿತು, ಕಾರು ತನ್ನಷ್ಟಕ್ಕೆ ನಿಧಾನವಾಗಿ ಉರುಳಿ ನಿಂತಿತು. ಎಂಜಿನ್ ಹೊತ್ತಿಯೇ ಇತ್ತು, ಗೇರು ಬಿದ್ದೇ ಇತ್ತು, ಕಾರು ಅಲುಗಲಿಲ್ಲ. ಶಿಕ್ಷಕಿ ಗೇರನ್ನು ತೆಗೆದು, ಮೊದಲನೆಯದಕ್ಕೆ ಹಾಕಿದರು. ಸದ್ದಿಲ್ಲ. ರಿವರ್ಸ್‌ಗೆ ಹಾಕಿದರು. ಸದ್ದಿಲ್ಲ. ಮತ್ತೆ ಮೊದಲನೆಯದಕ್ಕೆ. ಅಷ್ಟು ಸಲ ಹಾಕಿ ತೆಗೆಯುವ ಅಗತ್ಯವಿರಲಿಲ್ಲ. ಉಸ್ತಾದರು ತಡೆಯಲಿಲ್ಲ.

ಅಣ್ಣ ಕಿಟಕಿಯ ಬಳಿ ಬಂದರು. "ಹೊಲದಾಗ ಸುತ್ತಿದ್ದು ಹಿಡಿಯಂಗಿಲ್ಲ. ಸೂಪರ್ ಮಾರ್ಕೆಟ್ ಅಂದೀರಿ."

"ಅಂದಿದ್ದೇನೆ," ಎಂದೆ.

ನಾಲ್ಕು ಗಂಟೆಗೆ ಹೊರಟೆವು. ಹೆದ್ದಾರಿಯಲ್ಲಿ ಲಾರಿಗಳು ನಮ್ಮನ್ನು ದಾಟುವಾಗ ಕ್ಲೀನರುಗಳು ತಲೆ ಹೊರಗೆ ಹಾಕಿ ಕಾರನ್ನು ನೋಡಿದರು, ಆಮೇಲೆ ಚಾಲಕಿಯನ್ನು ನೋಡಿದರು. ಈಗ ಪಕ್ಕದಲ್ಲಿ ಕುಳಿತಿದ್ದ ನಾನು, ನನ್ನ ಪಾಠದ ಕಾರಿನಲ್ಲಿರುವಂತೆ ಇಲ್ಲಿಯೂ ನನ್ನ ಕಾಲಡಿ ಬ್ರೇಕಿದೆಯೆಂಬ ಭ್ರಮೆಯಲ್ಲಿ ಹಲವು ಸಲ ಬರಿಯ ತಗಡನ್ನು ತುಳಿದೆ. "ಅಲ್ಲೇನಿಲ್ರೀ ಮೇಡಂ," ಎಂದರು ಶಿಕ್ಷಕಿ, ರಸ್ತೆಯಿಂದ ಕಣ್ಣು ತೆಗೆಯದೆ. ಹಿಂದೆ ಉಸ್ತಾದರು ಗೊರಕೆ ಹೊಡೆಯುತ್ತಿದ್ದರು. ಗಾಡಿ ಸರಿಯಾಗಿದೆಯೆಂಬುದಕ್ಕೆ ಅದಕ್ಕಿಂತ ದೊಡ್ಡ ಪ್ರಮಾಣಪತ್ರ ನನಗೆ ಬೇಕಿರಲಿಲ್ಲ. ತಾಜಸುಲ್ತಾನಪುರದ ಕಡೆಯ ಹಾಲಿನ ಬೈಕುಗಳು ಸೇರಿಕೊಂಡವು, ಆಮೇಲೆ ಸಿಟಿ ಬಸ್ಸುಗಳು, ಆಮೇಲೆ ಆಟೋಗಳು, ಎಲ್ಲ ಕಡೆಯಿಂದಲೂ ಆಟೋಗಳು. ನಿಲ್ಲುವುದು, ಕ್ಲಚ್ಚು, ಗೇರು, ಎರಡು ಮಾರು ಸಾಗುವುದು, ಮತ್ತೆ ನಿಲ್ಲುವುದು. ಪ್ರತಿ ಸಲವೂ ಗೇರು ಬೆಣ್ಣೆಯಲ್ಲಿ ಬೆರಳಿಟ್ಟಂತೆ ಕೂತಿತು.

ಸೂಪರ್ ಮಾರ್ಕೆಟ್ಟಿನ ಬಟ್ಟೆ ಅಂಗಡಿಗಳ ಮುಂದೆ ಸಂಚಾರ ಪೂರ್ತಿ ಸಿಕ್ಕಿಕೊಂಡಾಗ ನಾನು ಅಣ್ಣನಿಗೆ ಫೋನು ಹಚ್ಚಿ, ಸ್ಪೀಕರ್ ಹಾಕಿ ಹಿಡಿದೆ.

"ಎಲ್ಲಿದ್ದೀ?"

"ಸೂಪರ್ ಮಾರ್ಕೆಟ್‌ನ್ಯಾಗ," ಎಂದರು ತಂಗಿ.

"ಸುಳ್ಳ."

"ಕೇಳಣ್ಣಾ." ಕಿಟಕಿಯಿಂದ ಹಾರ್ನುಗಳ ಗದ್ದಲ, ಯಾರೋ ಯಾರಿಗೋ "ಬಾಜೂ ಹೋ ಮಾಮೂ!" ಎಂದು ಕೂಗಿದ್ದು, ಎಲ್ಲ ಫೋನಿನೊಳಗೆ ಹೋಯಿತು.

"ಆತು, ಗುಜರಿಯವಗ ಬರಬ್ಯಾಡ ಅಂತೀನಿ. ಖರೇ, ಹೊಳ್ಳಿ ಬಂದು ಎಲ್ಲಿ ನಿಂದರಸ್ತೀ? ಶೆಡ್ಡ ಖಾಲಿ ಇಲ್ಲ. ನೀವು ಹೋದ ಕೂಡಲೇ ಕ್ರೇಟ್ ಹಾಕಸಿಬಿಟ್ಟೀನಿ."

"ಮನೀ ಮುಂದ ನಿಂದರಸ್ತೀನಿ."

"ಹಾದಿ ಮ್ಯಾಲ? ನಾಲ್ಕು ಮಂದಿ ಏನಂತಾರ? ಮುದಿ ಗಾಡಿ ಅಂತ ನಗ್ತಾರ."

ಮುಂದಿನ ಆಟೋ ಒಂದು ಗಾಲಿಯಷ್ಟು ಸರಿಯಿತು. ಹಿಂದಿನವರು ಹಾರ್ನು ಬಾರಿಸತೊಡಗಿದರು. ಶಿಕ್ಷಕಿ ಎಡಗಾಲು ಒತ್ತಿ ಗೇರು ಹಾಕಿದರು.

"ಮೇಡಂ, ಅವಗ ನೀವೇ ಏನರ ಹೇಳ್ರಿ," ಎಂದರು. "ನಾ ಗಾಡಿ ನಡಸಲಾಕತ್ತೀನಿ."